ಕೃಷಿ ಸಹಾಯಧನ: ಫಲಾನುಭವಿಗಳ ಪಟ್ಟಿ ಊರವರ ಮುಂದಿರಲಿ

ಮಾನ್ಯ ಸಂಪಾದಕರೇ,

ಕೃಷಿ ಸಹಾಯಧನಕ್ಕೆ ಎಷ್ಟು ಹಣ ಮೀಸಲಿಡಬೇಕೆಂಬ ಚರ್ಚೆ ಪ್ರತಿ ಬಜೆಟ್ ಹೊತ್ತಿನಲ್ಲೂ ನಡೆಯುತ್ತದೆ. ಆ ಹಣ ಕೊನೆಗೆ ಯಾರ ಕೈ ಸೇರಿತೆಂದು ಕೇಳುವವರು ಮಾತ್ರ ಕಡಿಮೆ. ಮಾಹಿತಿ ಹಕ್ಕು ಕಾಯ್ದೆ–2005ರ ಸೆಕ್ಷನ್ 4(1)(ಬಿ), ಸಹಾಯಧನ ಯೋಜನೆಗಳಿಗೆ ಹಂಚಿಕೆಯಾದ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಯಾರೂ ಅರ್ಜಿ ಹಾಕದಿದ್ದರೂ ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕೆಂದು ಸ್ಪಷ್ಟವಾಗಿ ವಿಧಿಸಿದೆ.

ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಪಡೆಯುವವರ ಗ್ರಾಮವಾರು ಪಟ್ಟಿ ಜಾಲತಾಣದಲ್ಲಿದೆ. ಆದಾಯ ತೆರಿಗೆ ಕಟ್ಟುವವರು, ವೃತ್ತಿನಿರತ ವೈದ್ಯರು, ವಕೀಲರು ಮೊದಲಾದವರು ಈ ಯೋಜನೆಗೆ ಅರ್ಹರಲ್ಲದ ಕಾರಣ, ಅಂಥವರ ಹೆಸರು ಪಟ್ಟಿಯಲ್ಲಿದ್ದರೆ ಊರವರಿಗೆ ತಕ್ಷಣ ತಿಳಿಯುತ್ತದೆ. ಹನಿ ನೀರಾವರಿ, ಪಾಲಿಹೌಸ್, ಯಂತ್ರೋಪಕರಣಗಳ ಸಹಾಯಧನಕ್ಕೆ ಇಂಥ ಪರಿಶೀಲನೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಇಲ್ಲಿ ಒಬ್ಬೊಬ್ಬರಿಗೆ ಸಿಗುವ ಮೊತ್ತ ಕೆಲವೊಮ್ಮೆ ಲಕ್ಷ ದಾಟುತ್ತದೆ. ಆದರೆ ಯಂತ್ರೋಪಕರಣ ಯೋಜನೆಯೊಂದರ ಫಲಾನುಭವಿಗಳ ಪಟ್ಟಿ ಕೇಳಿ ನಾನು ಕಚೇರಿಯೊಂದಕ್ಕೆ ಅರ್ಜಿ ಸಲ್ಲಿಸಿದಾಗ, 'ಇದು ವೈಯಕ್ತಿಕ ಮಾಹಿತಿ' ಎಂಬ ಒಂದೇ ಸಾಲಿನ ಹಿಂಬರಹ ಬಂತು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ–2023, ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ಅನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನು ಸಾರ್ವಜನಿಕ ಹಿತಕ್ಕಾಗಿ ನೀಡಲು ಅಲ್ಲಿದ್ದ ಅವಕಾಶವನ್ನು ಕೈಬಿಟ್ಟಿರುವುದರಿಂದ ಇಂಥ ಹಿಂಬರಹಗಳು ಹೆಚ್ಚಾಗಬಹುದೆಂಬ ಆತಂಕ ನನ್ನದು. ಆ ತಿದ್ದುಪಡಿ ಸೆಕ್ಷನ್ 4 ಅನ್ನು ಮುಟ್ಟಿಲ್ಲ. ಸಾರ್ವಜನಿಕ ಹಿತ ಹೆಚ್ಚಿನದಾಗಿದ್ದರೆ ಮಾಹಿತಿ ನೀಡಬಹುದೆನ್ನುವ 8(2) ಕೂಡ ಹಾಗೆಯೇ ಇದೆ. ಅಧಿಕಾರಿಗಳು ಇದನ್ನು ಮರೆಯಬಾರದು.

ರೈತರ ಖಾಸಗಿತನದ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಕೃಷಿ ನೆರವು ಪಡೆದವರೆಲ್ಲರ ಹೆಸರನ್ನೂ ಭೇದವಿಲ್ಲದೆ ಪ್ರಕಟಿಸುತ್ತಿದ್ದುದನ್ನು ಅಲ್ಲಿನ ನ್ಯಾಯಾಲಯ 2010ರಲ್ಲಿ ಒಪ್ಪಲಿಲ್ಲ. ಒಕ್ಕೂಟ ಪ್ರಕಟಣೆಯನ್ನೇ ಕೈಬಿಡದೆ, ನಿಗದಿತ ಮಿತಿಯೊಳಗಿನ ಸಣ್ಣ ನೆರವು ಪಡೆದವರ ಹೆಸರನ್ನಷ್ಟೇ ಮರೆಮಾಡುವ ನಿಯಮವನ್ನು 2013ರಲ್ಲಿ ತಂದಿತು. ನಮ್ಮಲ್ಲಿ ಎರಡು ಸಾವಿರದ ಕಂತು ಪಡೆಯುವವರ ಹೆಸರು ಬಹಿರಂಗವಾಗಿರುವಾಗ, ಲಕ್ಷದ ಸಹಾಯಧನ ಪಡೆದವರ ಹೆಸರು ಗೋಪ್ಯವೆನ್ನುವುದು ಯಾವ ನ್ಯಾಯ? ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳನ್ನು ಯಾರೂ ಕೇಳುತ್ತಿಲ್ಲ. ಹೆಸರು, ಗ್ರಾಮ, ಸರ್ವೆ ನಂಬರ್, ಯೋಜನೆ, ಮೊತ್ತ, ಸಾಮಗ್ರಿ ಪೂರೈಸಿದ ಸಂಸ್ಥೆ ಇಷ್ಟು ತಿಳಿದರೆ ಸಾಕು. ಹನಿ ನೀರಾವರಿ ಪೈಪು ಹೊಲದಲ್ಲಿದೆಯೋ ಬಿಲ್ಲಿನಲ್ಲಷ್ಟೇ ಇದೆಯೋ ಎಂಬುದನ್ನು ಬದುವಿನ ಆಚೆಯ ರೈತನಿಗಿಂತ ಚೆನ್ನಾಗಿ ಯಾವ ಲೆಕ್ಕಪರಿಶೋಧಕರೂ ಹೇಳಲಾರರು. ಪಟ್ಟಿಯಲ್ಲಿ ಯಾರ ಹೆಸರಿಲ್ಲವೆಂಬುದೂ ಅಷ್ಟೇ ಮುಖ್ಯ: ಪಹಣಿ ಇನ್ನೊಬ್ಬರ ಹೆಸರಿನಲ್ಲಿರುವ ಜಮೀನನ್ನು ಗೇಣಿಗೆ ಉಳುವವರು ಎಷ್ಟು ಮಂದಿ ಹೊರಗುಳಿದಿದ್ದಾರೆಂದು ಊರಿಗೆ ಗೊತ್ತಾಗುವುದು ಆಗಲೇ.

ರಸಗೊಬ್ಬರದ ಸಹಾಯಧನವಂತೂ ರೈತನ ಖಾತೆಗೆ ಬರುವುದೇ ಇಲ್ಲ. ಅಂಗಡಿಯಲ್ಲಿ ಮಾರಾಟ ದಾಖಲಿಸುವ ಪಿಒಎಸ್ ಯಂತ್ರದಲ್ಲಿ ವಿವರ ನಮೂದಾದ ಮೇಲೆ ಅದು ಕಂಪನಿಗೆ ಪಾವತಿಯಾಗುತ್ತದೆ. ಹೀಗಿರುವಾಗ ಯಾವ ಕಂಪನಿಗೆ ಎಷ್ಟು ಸಂದಿತೆಂಬುದನ್ನೂ ಜನರಿಗೆ ಅರ್ಥವಾಗುವಂತೆ ಕನ್ನಡದಲ್ಲೇ ಪ್ರಕಟಿಸುವುದು ನ್ಯಾಯ.

ಇಲಾಖೆಗಳ ಮಾಹಿತಿಯನ್ನು ಒಂದೆಡೆ ಪ್ರಕಟಿಸುವ ರಾಜ್ಯ ಸರ್ಕಾರದ 'ಮಾಹಿತಿ ಕಣಜ' ಜಾಲತಾಣ ಈ ದಿಕ್ಕಿನಲ್ಲಿ ಮೆಚ್ಚಬೇಕಾದ ಪ್ರಯತ್ನ. ಆದರೆ ಜಾಲತಾಣದಲ್ಲಿ ಹುಡುಕಲು ಬಾರದ ರೈತರು ಬಹಳಷ್ಟಿದ್ದಾರೆ. ಆದ್ದರಿಂದ ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಪ್ರತಿ ಯೋಜನೆಯ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರ ಹಾಗೂ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಿ, ಗ್ರಾಮಸಭೆಯಲ್ಲಿ ಓದಿ ಹೇಳಿ, ಅಲ್ಲಿ ಬಂದ ಆಕ್ಷೇಪಣೆಗಳಿಗೆ ಲಿಖಿತ ಉತ್ತರ ಕೊಡುವಂತೆ ಸರ್ಕಾರ ಕೂಡಲೇ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಕೃಷಿಕ