ಗಾಝಿಯ ಆ ಹಿರಿಯರಿಗೆ ಧನ್ಯವಾದ

ಕೀನ್ಯಾದ ಮೊಂಬಾಸಾದಿಂದ ದಕ್ಷಿಣಕ್ಕಿರುವ ಗಾಝಿ ಕೊಲ್ಲಿಗೆ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಡುವ ಸ್ವಯಂಸೇವೆಗೆಂದು ಹೋಗಿದ್ದಾಗ ನನ್ನನ್ನು ಕೈಹಿಡಿದು ನಡೆಸಿದ, ಹೆಸರು ಕೇಳಿಕೊಳ್ಳಲೂ ಅವಕಾಶವಾಗದ ಹಿರಿಯ ಮಹಿಳೆಯೊಬ್ಬರಿಗೆ ಈ ಮೂಲಕ ಹೃತ್ಪೂರ್ವಕ ಧನ್ಯವಾದಗಳನ್ನು ಸಲ್ಲಿಸುತ್ತಿದ್ದೇನೆ.

ಗಾಝಿ ಮತ್ತು ನೆರೆಯ ಮಕೋಂಗೆನಿಯ ಗ್ರಾಮಸ್ಥರು 2013ರಿಂದ ‘ಮಿಕೋಕೊ ಪಮೋಜಾ’ ಯೋಜನೆಯಡಿ ಕಾಂಡ್ಲಾವನವನ್ನು ಕಾಪಾಡಿಕೊಂಡು, ಅದು ಹೀರಿಡುವ ಇಂಗಾಲದ ಲೆಕ್ಕದಲ್ಲಿ ಕಾರ್ಬನ್ ಕ್ರೆಡಿಟ್ (ತಮ್ಮ ಇಂಗಾಲದ ಹೊರಸೂಸುವಿಕೆಗೆ ಪರಿಹಾರವಾಗಿ ಬೇರೆಯವರು ಕೊಳ್ಳುವ ಪ್ರಮಾಣಪತ್ರ) ಮಾರಿ, ಬಂದ ಹಣವನ್ನು ಕುಡಿಯುವ ನೀರಿಗೂ ಶಾಲೆಗೂ ಬಳಸುತ್ತಿದ್ದಾರೆ. ಹಾಗಾಗಿ ಅಲ್ಲಿ ಸಸಿ ನೆಡುವುದು ಫೋಟೊಗಾಗಿ ನಡೆಯುವ ಕಾರ್ಯಕ್ರಮವಲ್ಲ (ನಮ್ಮಂಥವರು ಹೋಗುವುದು ಎಷ್ಟೋ ಬಾರಿ ಅದಕ್ಕೇ ಎಂಬುದು ಬೇರೆ ಮಾತು).

ನೆಡಲು ಬಳಸುವ, ಮರದಲ್ಲೇ ಮೊಳೆತ ಉದ್ದನೆಯ ಬೀಜದ ಕೋಡಿನ ತಲೆಯ ಬಳಿ ಹಳದಿ ಉಂಗುರ ಮೂಡಿದ್ದರೆ ಮಾತ್ರ ಅದು ಬಲಿತಿದೆಯೆಂದು ತಿಳಿಯಬೇಕು, ಮೂರನೇ ಒಂದು ಭಾಗದಷ್ಟನ್ನು ನೆಟ್ಟಗೆ ಕೆಸರಿಗಿಳಿಸಬೇಕು ಎಂಬುದನ್ನು ಸಮುದ್ರದ ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ನಿಂತು, ನನ್ನ ಅರೆಬರೆ ಸ್ವಾಹಿಲಿಗೆ ಬೇಸರಿಸದೆ, ಅವರು ಮಾಡಿ ತೋರಿಸಿದರು. ನಮ್ಮ ಅಘನಾಶಿನಿ ಅಳಿವೆಯಲ್ಲೂ ಇದೇ ಜಾತಿಯ ಗಿಡಗಳಿದ್ದರೂ ನಾನು ಅದನ್ನು ಇಷ್ಟು ಹತ್ತಿರದಿಂದ ಕಂಡದ್ದು ಗಾಝಿಯಲ್ಲಿಯೇ.

ಸಮುದ್ರದ ಭರತ ಏರತೊಡಗಿದಾಗ ಬೇರುಗಳ ನಡುವೆ ದಾರಿ ತೋರಿಸಿ ದಡ ಸೇರಿಸಿದವರೂ ಅವರೇ. ಸಂಜೆ ಹೆದ್ದಾರಿಯವರೆಗೆ ಬಂದು, ಮಟಾಟು ಎಂಬ ಬಾಡಿಗೆ ಪ್ರಯಾಣಿಕ ವ್ಯಾನ್ ನಿಲ್ಲಿಸಿ, ನನ್ನನ್ನು ಮೊಂಬಾಸಾಗೆ ದಾಟಿಸುವ ಲಿಕೋನಿ ಫೆರಿಯ ಬಳಿ ಇಳಿಸುವಂತೆ ಕಂಡಕ್ಟರನಿಗೆ ತಾಕೀತು ಮಾಡಿ, ಊರಿನವರಿಗಿಂತ ಹೆಚ್ಚು ದರ ಪಡೆಯಬಾರದೆಂದು ಗದರಿಯೂ ಬಿಟ್ಟರು. ನಾನು ಕೊಡಲು ಹೋದ ಹಣವನ್ನು ಮಾತ್ರ ಅವರು ಮುಟ್ಟಲಿಲ್ಲ. ಆ ಮೊತ್ತವನ್ನು ಅವರ ಪರವಾಗಿ ಊರಿನ ಯೋಜನೆಗೇ ಕಳುಹಿಸಿದ್ದೇನೆ.