ಯಂತ್ರ ಬರೆದ ಕೋಡ್‌ಗೆ 75 ಕೆ.ಜಿ. ಚೀಲದ ಲೆಕ್ಕ ಗೊತ್ತಿಲ್ಲ

ಮಾನ್ಯ ಸಂಪಾದಕರೇ,

‘ಕೋಡ್ ಎಲ್ಲಾ ಎಐ ಬರೀತದಂತ, ಮಕ್ಕಳನ್ನ ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಬೇಕೋ ಬ್ಯಾಡೋ?’ ಎಂದು ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಪಾಲಕರು ಈಗ ಕೇಳುತ್ತಿದ್ದಾರೆ. ಧಾರಾಳವಾಗಿ ಸೇರಿಸಲಿ. ಆದರೆ ಲ್ಯಾಬ್‌ನಲ್ಲಿ ಏನು ಕಲಿಸುತ್ತೀರಿ ಎಂದು ಕಾಲೇಜನ್ನು ಮೊದಲು ಕೇಳಲಿ. ಕೋಡ್ ಟೈಪ್ ಮಾಡುವ ಕೈಗೆ ಇದ್ದ ಬೆಲೆ ಇಳಿದಿದೆ. ಬರೆದ ಕೋಡ್‌ನಲ್ಲಿ ತಪ್ಪು ಹಿಡಿಯುವ ಕಣ್ಣಿಗೆ ಬೆಲೆ ಏರಿದೆ. ನಮ್ಮ ಲ್ಯಾಬ್ ಪರೀಕ್ಷೆಗಳು ಮಾತ್ರ ಇನ್ನೂ ಕೈಗೇ ಅಂಕ ಕೊಡುತ್ತಿವೆ.

2022ರಲ್ಲಿ ಕೋಡ್ ಬರೆಯಲು ನೆರವಾಗುವ ಎಐ ಸಾಧನ ಗಿಟ್‌ಹಬ್ ಕೋಪೈಲಟ್ ಎಲ್ಲರ ಬಳಕೆಗೆ ಬಂದಾಗ ಅದು ಮುಂದಿನ ಕೆಲವು ಸಾಲುಗಳನ್ನು ಸೂಚಿಸುತ್ತಿತ್ತು, ಅಷ್ಟೇ. ಈಗಿನ ಕರ್ಸರ್, ಕ್ಲಾಡ್ ಕೋಡ್‌ನಂಥವು ಇಡೀ ಪ್ರಾಜೆಕ್ಟ್ ಓದುತ್ತವೆ, ಹಲವು ಫೈಲ್‌ಗಳನ್ನು ತಿದ್ದುತ್ತವೆ, ಟೆಸ್ಟ್ (ಕೋಡ್ ಸರಿ ಉತ್ತರ ಕೊಡುತ್ತದೆಯೇ ಎಂಬ ಪರೀಕ್ಷೆ) ಓಡಿಸಿ ಫೇಲ್ ಆದರೆ ಮತ್ತೆ ತಿದ್ದುತ್ತವೆ. ಲಾಗಿನ್ ಪುಟ, ತಿಂಗಳ ವರದಿ, ಸಣ್ಣಪುಟ್ಟ ದೋಷ ಸರಿಪಡಿಸುವುದು ಇವೆಲ್ಲ ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದ ಕೆಲಸಗಳು. ಅದೇ ಈಗ ಯಂತ್ರದ ಪಾಲಾಗುತ್ತಿದೆ. ಅಮೆರಿಕದ ವೇತನ ದಾಖಲೆಗಳನ್ನು ಪರಿಶೀಲಿಸಿದ ಸ್ಟ್ಯಾನ್‌ಫರ್ಡ್ ಸಂಶೋಧಕರ 2025ರ ವರದಿಯ ಪ್ರಕಾರ, 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗ 2022ರ ಕೊನೆಯಲ್ಲಿ ಇದ್ದುದಕ್ಕಿಂತ ಸುಮಾರು ಶೇ 20ರಷ್ಟು ಇಳಿದಿದೆ. ಹಿರಿಯರಿಗೆ ಅಂಥ ಪೆಟ್ಟು ಬಿದ್ದಿಲ್ಲ. ಕೆಲಸ ಎಲ್ಲಿ ಎಡವುತ್ತದೆ ಎಂಬುದು ಅವರಿಗೆ ಗೊತ್ತಿರುವುದೇ ಇದಕ್ಕೆ ಕಾರಣ ಎಂಬುದು ನನ್ನ ಎಣಿಕೆ. ಆ ಅರಿವು ಪಡೆಯಲು ಬೆಂಗಳೂರಿಗೇ ಹೋಗಬೇಕಿಲ್ಲ. ಸಿಂಧನೂರಿನದೋ ಗಂಗಾವತಿಯದೋ ಒಂದು ರೈಸ್ ಮಿಲ್ ಸಾಕು.

ಮಿಲ್‌ನ ಲಾರಿ ಕಾಟಾದಿಂದ ತೂಕವನ್ನು ಕಂಪ್ಯೂಟರಿಗೆ ತರುವ ಪ್ರೋಗ್ರಾಂ ಕೇಳಿದರೆ ಎಐ ಎರಡು ನಿಮಿಷದಲ್ಲಿ ಬರೆದುಕೊಡುತ್ತದೆ. ತೂಕ ತೋರಿಸುವ ಇಂಡಿಕೇಟರ್ ಪೆಟ್ಟಿಗೆಯಿಂದ ಅಂಕಿಗಳನ್ನು ಒಂದರ ಹಿಂದೊಂದು ತರುವ ಸೀರಿಯಲ್ ಕೇಬಲ್, ಅದಕ್ಕೆ 9600 ಬಾಡ್ ವೇಗ, ಬಂದ ಅಂಕಿಯನ್ನು ಓದಿ ಡೇಟಾಬೇಸ್‌ಗೆ ಸೇರಿಸುವುದು. ಓದಲು ಚೆನ್ನಾಗಿಯೇ ಇರುತ್ತದೆ, ಮೇಜಿನ ಮೇಲೆ ಓಡುತ್ತದೆ ಕೂಡ. ಕಾಟಾದ ಮೇಲೆ ಲಾರಿ ಹತ್ತಿದಾಗ ಕೆಡುತ್ತದೆ. ಸೀರಿಯಲ್ ಪೋರ್ಟ್‌ಗೆ ಬರುವ ಅಂಕಿ ಒಂದೇ ಏಟಿಗೆ ಬರಬೇಕೆಂದಿಲ್ಲ, ತುಂಡಾಗಿಯೂ ಬರುತ್ತದೆ. ‘024560’ರ ಬದಲು ಮೊದಲ ಓದಿಗೆ ‘0245’ ಅಷ್ಟೇ ಸಿಕ್ಕರೆ 24,560 ಕೆ.ಜಿ. ಲಾರಿ 245 ಕೆ.ಜಿ.ಗೆ ಇಳಿಯುತ್ತದೆ. ಇಷ್ಟು ದೊಡ್ಡ ತಪ್ಪಾದರೆ ಗುಮಾಸ್ತನ ಕಣ್ಣಿಗೆ ಬೀಳುತ್ತದೆ. ಲಾರಿ ಇನ್ನೂ ಅಲುಗುತ್ತಿರುವಾಗಲೇ ತೂಕ ದಾಖಲಾಗಿ ನಾಲ್ವತ್ತು, ಐವತ್ತು ಕೆ.ಜಿ. ಹೆಚ್ಚುಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಸಾಲು ಮುಗಿದ ಗುರುತು ಬರುವತನಕ ಪ್ರೋಗ್ರಾಂ ಕಾಯಬೇಕು. ತೂಕ ನಿಂತಿದೆ ಎಂಬ ಗುರುತನ್ನು ಇಂಡಿಕೇಟರ್ ಕಳಿಸುತ್ತಿದ್ದರೆ ಅದನ್ನು ನೋಡಬೇಕು. ಕಳಿಸದಿದ್ದರೆ ಬೆನ್ನುಬೆನ್ನಿಗೆ ಐದಾರು ಸಲ ಒಂದೇ ಅಂಕಿ ಬಂದ ಮೇಲೆ ಒಪ್ಪಬೇಕು. ಇನ್ನೊಂದು ಪರೀಕ್ಷೆ ಯಾರು ಬೇಕಾದರೂ ಮಾಡಬಹುದು: ಕೇಬಲ್ ಕಿತ್ತು ನೋಡಿ. ಪರದೆಯ ಮೇಲೆ ಹಿಂದಿನ ಲಾರಿಯ ತೂಕ ಹಾಗೇ ನಿಂತಿದ್ದರೆ ಮುಂದಿನ ಲಾರಿಗೂ ಅದೇ ತೂಕದ ಚೀಟಿ ಬರುತ್ತದೆ.

ಇನ್ನು ಲೆಕ್ಕ. ತುಂಬಿದ ಲಾರಿ 24,560 ಕೆ.ಜಿ., ಖಾಲಿ ಲಾರಿ 8,340, ಭತ್ತ 16,220. ನಮ್ಮ ಭಾಗದಲ್ಲಿ ಭತ್ತದ ದರ ಮಾತಾಡುವುದು 75 ಕೆ.ಜಿ. ಚೀಲಕ್ಕೆ. ಇದನ್ನು ಬಿಡಿಸಿ ಹೇಳದಿದ್ದರೆ ಎಐ ಕ್ವಿಂಟಲ್ ಎಂದು ಹಿಡಿಯುವ ಸಂಭವವೇ ಹೆಚ್ಚು. ಹೇಳಿದರೂ ಗಂಡಾಂತರ ತಪ್ಪಿದ್ದಲ್ಲ. 75ರಿಂದ ಭಾಗಿಸಿದರೆ 216 ಚೀಲ, ಮೇಲೆ 20 ಕೆ.ಜಿ. ಚೀಲ ಎಂದರೆ ಪೂರ್ಣಾಂಕ ಎಂದುಕೊಂಡ ಕೋಡ್ ಆ 20 ಕೆ.ಜಿ.ಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಚೀಲಕ್ಕೆ 1,800 ರೂಪಾಯಿ ಎಂದಿಟ್ಟುಕೊಂಡರೆ ರೈತನಿಗೆ ಲಾರಿಗೆ 480 ರೂಪಾಯಿ ಖೋತಾ. ಪ್ರೋಗ್ರಾಂ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಇದಕ್ಕೆ ಟೆಸ್ಟ್ ಬರೆ ಎಂದು ಅದೇ ಎಐಗೆ ಹೇಳಿದರೆ, ತನ್ನ ಕೋಡ್ ನೋಡಿಕೊಂಡು ‘216 ಬಂದರೆ ಪಾಸ್’ ಎಂದು ಬರೆದುಬಿಡಬಹುದು. ಉತ್ತರವನ್ನು ಮನುಷ್ಯರು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿಟ್ಟುಕೊಂಡಿರಬೇಕು ಎನ್ನುವುದು ಇದಕ್ಕೇ.

ಅಕ್ಕಿ ಬಿಲ್‌ನ ಕಥೆಯೂ ಹೀಗೆಯೇ. 2022ರ ಜುಲೈ 18ರಿಂದ ಲೇಬಲ್ ಹಚ್ಚಿ ಪ್ಯಾಕ್ ಮಾಡಿದ 25 ಕೆ.ಜಿ. ವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ, ಅದನ್ನು ದಾಟಿದ ಚೀಲಕ್ಕೆ ಇಲ್ಲ. ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡಿದ್ದು ಆ ಮೇಲೆಯೇ. ಪರೀಕ್ಷಿಸುವವರು 10 ಕೆ.ಜಿ. ಚೀಲ ಹಾಕಿ ಸರಿಯಿದೆ ಎಂದು ಎದ್ದು ಹೋಗಬಾರದು. 25 ಮತ್ತು 26 ಎರಡನ್ನೂ ಹಾಕಿ ನೋಡಬೇಕು.

ಹೆಸರುಗಳನ್ನೂ ಮರೆಯುವಂತಿಲ್ಲ. ‘ಹುಲಿಗೆಮ್ಮ’ ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಂಬತ್ತು ಸಂಕೇತ, ಅದನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ 27 ಬೈಟ್. ಹೆಸರನ್ನು 20 ಬೈಟ್‌ಗೆ ಕತ್ತರಿಸುವ ಕೋಡ್ ‘ಹುಲಿಗೆ’ ಎಂದು ಮುದ್ರಿಸಿ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬಿಡುತ್ತದೆ. ಎಸ್‌ಎಂಎಸ್ ಕಳಿಸುವಾಗ ಇಂಗ್ಲಿಷ್‌ಗೆ 160 ಅಕ್ಷರ ಹಿಡಿಸಿದರೆ ಕನ್ನಡಕ್ಕೆ 70 ಸಂಕೇತ ಮಾತ್ರ. ಮೀರಿದರೆ ಎರಡು ಸಂದೇಶದ ದುಡ್ಡು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಇರುವ ಕಡತಗಳನ್ನು ಯೂನಿಕೋಡ್‌ಗೆ ತರುವಾಗ ಒತ್ತಕ್ಷರ ಮತ್ತು ಅರ್ಕಾವತ್ತನ್ನು ಒಂದೊಂದಾಗಿ ಕಣ್ಣಿಟ್ಟು ನೋಡಬೇಕು.

ಲ್ಯಾಬ್‌ನಲ್ಲಿ ಇನ್ನೊಂದು ಅಪಾಯವಿದೆ. 16 ಎಐ ಮಾದರಿಗಳಿಂದ 5.76 ಲಕ್ಷ ಕೋಡ್ ತುಣುಕು ಬರೆಸಿದ ಒಂದು ಅಧ್ಯಯನದಲ್ಲಿ, ಅವು ಸೂಚಿಸಿದ ಪ್ಯಾಕೇಜ್‌ಗಳಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸುಮಾರು ಶೇ 20 ಎಲ್ಲೂ ಇಲ್ಲದವು. ಅಂಥ ಹೆಸರಿನಲ್ಲಿ ದುರುದ್ದೇಶದ ಪ್ಯಾಕೇಜ್ ಯಾರಾದರೂ ನೋಂದಾಯಿಸಿಟ್ಟರೆ, ಪ್ಯಾಕೇಜ್ ಇಳಿಸಿಕೊಳ್ಳುವ ‘ಪಿಪ್ ಇನ್‌ಸ್ಟಾಲ್’ ಆಜ್ಞೆ ಹೊಡೆದ ವಿದ್ಯಾರ್ಥಿ ಅದನ್ನು ತಾನೇ ಮನೆಯೊಳಗೆ ಕರೆದಂತೆ. ಮೊದಲು ಪೈಥಾನ್ ಪ್ಯಾಕೇಜ್‌ಗಳ ಪೈಪಿಐ ತಾಣದಲ್ಲಿ ಅದು ಎಂದು ಸೇರಿದ್ದು, ಮೂಲ ಕೋಡ್ ಎಲ್ಲಿದೆ ಎಂದು ನೋಡುವ ರೂಢಿಯಾಗಬೇಕು. ಮಿಲ್‌ನವರ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆಗಳನ್ನು ಉಚಿತ ಎಐ ಚಾಟ್‌ಗೆ ಅಂಟಿಸುವುದಂತೂ ಕೂಡದು.

ಲಾಟ್ ಎತ್ತಿ ಬಂದ ಪ್ರೋಗ್ರಾಂ ಬರೆದು, ಓಡಿಸಿ, ವೈವಾ ಮುಗಿಸುವ ಈಗಿನ ಪದ್ಧತಿಯಲ್ಲಿ ಕಂಠಪಾಠ ಮಾಡಿದವರೇ ಗೆಲ್ಲುತ್ತಾರೆ. ಮೂರು ಗಂಟೆಯ ಪರೀಕ್ಷೆಯನ್ನು ಬೇರೆ ರೀತಿಯಲ್ಲೂ ನಡೆಸಬಹುದು. ಮೊದಲ ಅರ್ಧ ಗಂಟೆ ಕಂಪ್ಯೂಟರ್ ಬೇಡ. ಸಮಸ್ಯೆ ಓದಿ, ಹತ್ತು ಟೆಸ್ಟ್‌ಗಳನ್ನು ಅವುಗಳ ಉತ್ತರದ ಸಮೇತ ಕೈಯಲ್ಲೇ ಬರೆಯಲಿ. ಬಳಿಕ ಐದು ತಪ್ಪು ಬೇಕೆಂದೇ ಹುದುಗಿಸಿದ, ಇನ್ನೂರು ಸಾಲಿನ ಕೋಡ್ ಕೊಡಿ. ತಪ್ಪು ಹುಡುಕಲು, ತಿದ್ದಲು ಎಐ ಬಳಸಲಿ, ಅಡ್ಡಿಯಿಲ್ಲ. ಪ್ರತಿ ತಿದ್ದುಪಡಿಗೂ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಪ್ರತ್ಯೇಕ ಕಮಿಟ್ (ನಮೂದು), ಏಕೆ ತಿದ್ದಿದ್ದು ಎಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎರಡು ಸಾಲು. ವೈವಾದಲ್ಲಿ ಪರೀಕ್ಷಕರು ಒಂದು ನಿಯಮ ಬದಲಿಸಿ, ಚೀಲಕ್ಕೆ 75 ಕೆ.ಜಿ. ಇದ್ದಲ್ಲಿ 60 ಮಾಡಿ, ಎಲ್ಲೆಲ್ಲಿ ಪರಿಣಾಮವಾಗುತ್ತದೆ ಎಂದು ಕೇಳಲಿ. ಯಾರದೋ ಕೋಡ್ ಒಪ್ಪಿಸಿದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಮೊದಲ ಎರಡು ಸೆಮಿಸ್ಟರ್ ಮಾತ್ರ ಎಐ ಇಲ್ಲದೆ ಕಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಸ್ವತಃ ಬರೆಯದವರು ಬೇರೆಯವರ ಲೂಪ್‌ನಲ್ಲಿ ತಪ್ಪು ಕಾಣಲಾರರು.

ಹಣವಿಲ್ಲ ಎಂದು ಕಾಲೇಜುಗಳು ಹಿಂಜರಿಯಬೇಕಿಲ್ಲ. ಗಾತ್ರ ಕುಗ್ಗಿಸಲು 4-ಬಿಟ್‌ಗೆ ಇಳಿಸಿದ, 700 ಕೋಟಿ ಪ್ಯಾರಾಮೀಟರ್‌ಗಳ (ಮಾದರಿ ಕಲಿತಿಟ್ಟುಕೊಂಡ ಅಂಕಿಗಳು), ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮುಕ್ತ ಎಐ ಮಾದರಿಗೆ ಐದು ಜಿ.ಬಿ. ಆಸುಪಾಸು ಮೆಮೊರಿ ಸಾಕು. ಲ್ಯಾಬ್‌ನ 8 ಜಿ.ಬಿ. ಕಂಪ್ಯೂಟರ್‌ನಲ್ಲಿ ನಿಧಾನವಾಗಿಯಾದರೂ ಇಂಟರ್‌ನೆಟ್ ಇಲ್ಲದೆ ಓಡುತ್ತದೆ. ಅದು ಮಾಡುವ ತಪ್ಪುಗಳೂ ಜಾಸ್ತಿ, ಹಿಡಿಯಲು ಕಲಿಯುವವರಿಗೆ ಅದೇ ಅನುಕೂಲ.

ನಮ್ಮ ಮೂರು ಜಿಲ್ಲೆಗಳ ರೈಸ್ ಮಿಲ್ ಮಾಲೀಕರಲ್ಲಿ, ಎಪಿಎಂಸಿ ವರ್ತಕರಲ್ಲಿ, ಬಳ್ಳಾರಿಯ ಜೀನ್ಸ್ ಘಟಕದವರಲ್ಲಿ ಒಂದು ವಿನಂತಿ. ಹಳೆಯ ತೂಕದ ಚೀಟಿ, ಬಿಲ್‌ಗಳಿಂದ ಹೆಸರು ಮತ್ತು ಫೋನ್ ನಂಬರ್ ಅಳಿಸಿ, ಐನೂರು ಪ್ರತಿಯಷ್ಟನ್ನು ಹತ್ತಿರದ ಎಂಜಿನಿಯರಿಂಗ್ ಅಥವಾ ಬಿಸಿಎ ಕಾಲೇಜಿಗೆ ಕೊಡಿ. ತಿದ್ದಿದ, ಹೊಡೆದುಹಾಕಿದ, ತಕರಾರು ಬಿದ್ದ ಚೀಟಿಗಳನ್ನು ತೆಗೆದಿಡಬೇಡಿ. ಮಕ್ಕಳಿಗೆ ಬೇಕಾಗಿರುವುದು ಅವೇ.

ಸಾಫ್ಟ್‌ವೇರ್ ಪರೀಕ್ಷಕ, ಸಿಂಧನೂರು, ರಾಯಚೂರು ಜಿಲ್ಲೆ