ಶಾಶ್ವತ ಗಾಯಕ್ಕೆ ಶೇಕಡಾ ಲೆಕ್ಕವೊಂದೇ ಸಾಲದು

ಮಾನ್ಯರೇ,

1923ರ ನೌಕರರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯು (ಗಾಯಗಳ ಪಟ್ಟಿ) ಕೆಲಸದಲ್ಲಿ ಹೆಬ್ಬೆರಳು ಕಳೆದುಕೊಂಡರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ 30ರಷ್ಟು ನಷ್ಟವೆಂದು ನಿಗದಿಪಡಿಸಿತ್ತು. ಆದರೆ ಆ ಬೆರಳಿಲ್ಲದೆ ನೇಕಾರ ಕಳೆದುಕೊಳ್ಳುವುದೂ ಕಾವಲುಗಾರ ಕಳೆದುಕೊಳ್ಳುವುದೂ ಒಂದೇ ಅಲ್ಲ. ಎಡಗೈಯನ್ನು ಮೊಣಕೈಯ ಮೇಲ್ಭಾಗದಿಂದ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ, ಒಂದೇ ಕೈಯಿಂದ ಮರಗೆಲಸ ಸಾಧ್ಯವಿಲ್ಲವಾದ್ದರಿಂದ ಅದು ಸಂಪೂರ್ಣ ಅಸಾಮರ್ಥ್ಯವೇ ಎಂಬ ತೀರ್ಮಾನವನ್ನು ಸುಪ್ರೀಂ ಕೋರ್ಟ್ 1975ರಲ್ಲಿಯೇ ಎತ್ತಿಹಿಡಿದಿತ್ತು. ಇಷ್ಟು ಸ್ಪಷ್ಟವಾದ ತೀರ್ಪಿದ್ದರೂ, ದೇಹದ ಊನದ ಪ್ರಮಾಣವನ್ನೇ ಗಳಿಕೆಯ ನಷ್ಟವೆಂದು ವಾದಿಸಿ ವಿಮಾ ಕಂಪನಿಗಳು ಮೇಲ್ಮನವಿ ಹೂಡುವುದು ಅತ್ಯಂತ ಖಂಡನೀಯ. ಅನುಸೂಚಿಯಲ್ಲಿಲ್ಲದ ಗಾಯಗಳಲ್ಲಂತೂ ಈ ನಷ್ಟವನ್ನು ವೈದ್ಯರೇ ಅಂದಾಜಿಸಬೇಕು. ಗಾಯಾಳು ಯಾವ ಕೆಲಸ ಮಾಡುತ್ತಿದ್ದರು, ಈಗ ಅದನ್ನು ಮಾಡಬಲ್ಲರೇ ಎಂಬುದನ್ನು ಪ್ರಮಾಣಪತ್ರದಲ್ಲಿ ಕಡ್ಡಾಯವಾಗಿ ದಾಖಲಿಸುವಂತೆ ಕಾರ್ಮಿಕ ಇಲಾಖೆ ಆದೇಶಿಸಲಿ.

– ಓರ್ವ ಓದುಗ, ತುಮಕೂರು